ಬಲಕ್ಕೆ ಬಿದ್ದ ಹೂವು

ಇಳಕಲ್
2 ಮೇ 2006

ಸಕಲ ಗುಣಸಂಪನ್ನಳೂ, ಸೂಜಿ ಚುಚ್ಚುವ ವಿಷಯದಲ್ಲಿ ಮಾತ್ರ ನಿರ್ದಯಳೂ ಆದ ಸುಶ್ಮಿತಾ ಅಕ್ಕನ ಪಾದಾರವಿಂದಗಳಿಗೆ, ಚಿಕ್ಕವ್ವನ ಮಗನಾದ ಪ್ರಭು ಎಂಬ ಅಲ್ಪನು ಮಾಡುವ ದೀರ್ಘದಂಡ ನಮಸ್ಕಾರಗಳು.

ಮಿರಜದ ನಿಮ್ಮ ನರ್ಸಿಂಗ್ ಹಾಸ್ಟೆಲಿನಲ್ಲಿ ಮೊಬೈಲು ನಿಷಿದ್ಧವಾದ್ದರಿಂದ, ಈ ಕಲಿಯುಗದಲ್ಲೂ ನಾನು ಇನ್‌ಲ್ಯಾಂಡ್ ಪತ್ರದ ಅಂಚು ನೆಕ್ಕಿ ಅಂಟಿಸಬೇಕಾಗಿ ಬಂದಿದೆ. ನಿಮ್ಮ ವಾರ್ಡನ್‌ಗೆ ನನ್ನ ಶಾಪವನ್ನು ತಲುಪಿಸುವುದು.

ಈಗ ವಿಷಯ. ದಯವಿಟ್ಟು ಎದ್ದು ನಿಂತು ಓದತಕ್ಕದ್ದು. ಮೊನ್ನೆ ಭಾನುವಾರ ನಮ್ಮ ಓಣಿಯಲ್ಲಿ ವೀರಭದ್ರ ದೇವರು ಪಿಎಸ್‌ಪಿಯೊಳಗೆ ಪ್ರತ್ಯಕ್ಷನಾದ.

ಪಿಎಸ್‌ಪಿ ಅಂದರೆ ಎರಡು ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ. ಬಾಗಲಕೋಟೆಯ ಕಾಲೇಜಿನಲ್ಲಿ ನನ್ನ ರೂಮಿನವನಾದ ಸಂಗಮೇಶನಿಗೆ ಅವನ ಮಾವ ಮಸ್ಕತ್‌ನಿಂದ ತಂದುಕೊಟ್ಟದ್ದು. ಬೇಸಿಗೆಯ ಸೂಟಿ ಮುಗಿಯುವವರೆಗೆ ನನ್ನ ವಶದಲ್ಲಿದೆ. ಕಂಪನಿ ಮಾರುವ ಆಟಗಳನ್ನಷ್ಟೇ ಅದು ಆಡಿಸುತ್ತದೆ. ಬೇರೆಯವರು ಬರೆದ ಪ್ರೋಗ್ರಾಮನ್ನು ಬಾಗಿಲಲ್ಲೇ ತಡೆಯುತ್ತದೆ. ಆದರೆ ಇದರೊಳಗಿನ ಸಾಫ್ಟ್‌ವೇರು ಹಳೆಯದು. ಅದರ ಗೋಡೆಯಲ್ಲಿ ಒಂದು ಕಿಂಡಿ ಉಂಟು. ಯಾವ ದೇಶದ ಪುಣ್ಯಾತ್ಮರೋ ಕಂಡುಹಿಡಿದಿದ್ದಾರೆ: ಮೆಮೊರಿ ಕಾರ್ಡಿನಲ್ಲಿ ಒಂದೇ ಹೆಸರಿನ ಎರಡು ಫೋಲ್ಡರು ಮಾಡಿ, ಒಂದರ ಬಾಲಕ್ಕೆ ಶೇಕಡಾ ಚಿಹ್ನೆ ಅಂಟಿಸಿದರೆ ಯಂತ್ರಕ್ಕೆ ಗಲಿಬಿಲಿಯಾಗಿ, ನಾವು ಮನೆಯಲ್ಲಿ ಬರೆದದ್ದನ್ನೂ ಕಂಪನಿಯದೇ ಎಂದು ತಿಳಿದು ಓಡಿಸುತ್ತದೆ. ಇದಕ್ಕೆ ಹೋಮ್‌ಬ್ರೂ ಎಂದು ಹೆಸರು. ಮನೆಯಲ್ಲಿ ಹಾಕಿದ ಉಪ್ಪಿನಕಾಯಿ ಇದ್ದಂತೆ. ಮೇಲೆ ಚೀಟಿ ಇರುವುದಿಲ್ಲ, ಹುಳಿಗೆ ಕೊರತೆಯಿಲ್ಲ.

ಲೋಕದ ಜನ ಇದರಲ್ಲಿ ಹಾವಿನ ಆಟ, ಗಡಿಯಾರ ಮುಂತಾದ ಕ್ಷುದ್ರ ವಸ್ತುಗಳನ್ನು ಮಾಡುತ್ತಾರೆ. ನಾನು ಹೂ ಕೇಳುವ ಪ್ರೋಗ್ರಾಮು ಬರೆದೆ. ನಮ್ಮ ಓಣಿಯ ಗುಡಿಯಲ್ಲಿ ಪೂಜಾರಿ ರಾಚಯ್ಯಜ್ಜ ದೇವರ ಕಿರೀಟಕ್ಕೆ ಹೂವು ಅಂಟಿಸಿದ ಮೇಲೆ, ಭಕ್ತರು ಮನಸ್ಸಿನಲ್ಲಿ ಕೇಳಿಕೊಂಡು ಕೂತು, ಬಲಕ್ಕೆ ಬಿದ್ದರೆ ದೇವರು ಕೊಟ್ಟ, ಎಡಕ್ಕೆ ಬಿದ್ದರೆ ಕೊಡಲಿಲ್ಲ ಅನ್ನುತ್ತಾರಲ್ಲ, ಅದೇ. ಪರದೆಯ ಮೇಲೆ ಬೆಳ್ಳಿ ಮುಖ, ಕತ್ತಿಯಂಥ ಮೀಸೆ, ನೆತ್ತಿಯ ಮೇಲೆ ಬಿಳಿಯ ಹೂವು. ಗಂಟೆ ಬಾರಿಸುತ್ತದೆ, ಹೂವು ನಡುಗುತ್ತದೆ, ಬೀಳುತ್ತದೆ. ಗುಡಿಗೂ ನನ್ನದಕ್ಕೂ ಒಂದೇ ವ್ಯತ್ಯಾಸ. ಯಂತ್ರದ ಹೆಗಲಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಗುಂಡಿ ಇವೆ. ನಾನು ಬೆರಳಿನಿಂದ ಮೆಲ್ಲಗೆ ಯಾವುದನ್ನು ಒತ್ತಿದರೆ ಆ ಕಡೆಗೆ ಹೂವು.

ಪಿಯುಸಿ ಫಲಿತಾಂಶಕ್ಕೆ ಕಾಯುತ್ತಿರುವ ಶಂಕ್ರಪ್ಪ ಬಂದು ಕೇಳಿದ. ನಾನು ದುಷ್ಟಬುದ್ಧಿಯಿಂದ ಎಡಕ್ಕೆ ಒತ್ತಿದೆ. ಅವನು ಕುಣಿದಾಡಿಕೊಂಡು ಹೋದ! ನಪಾಸಾಗುವುದಕ್ಕೂ ಹಿಗ್ಗುವ ಹುಡುಗ ನಮ್ಮ ಓಣಿಯಲ್ಲಲ್ಲದೆ ಇನ್ನೆಲ್ಲಿ ಹುಟ್ಟಬೇಕು? ಚಂದವ್ವ ಕಳೆದುಹೋದ ಮೂಗುತಿಯ ಬಗ್ಗೆ ಕೇಳಿದಳು. ಪಾಪ ಎಂದು ಬಲಕ್ಕೆ ಒತ್ತಿದೆ. ಕಣ್ಣೀರು ಸುರಿಸಿದಳು. ಆನಂದಬಾಷ್ಪ.

ನಿಮ್ಮವ್ವ, ಅಂದರೆ ನನ್ನ ದೊಡ್ಡವ್ವನೂ ಬಂದು ಪಕ್ಕದಲ್ಲಿ ಕೂತಳು. ಯಂತ್ರವನ್ನು ಮೂಗಿನ ಹತ್ತಿರ ಹಿಡಿಸಿಕೊಂಡು ನೋಡಿದಳು. ಏನು ಕೇಳಿದಳೋ ಹೇಳಲಿಲ್ಲ. “ಹೇಳಿದ್ರ ಫಲ ಹೋಗ್ತದ,” ಅಂದಳು. ನನ್ನ ದೊಡ್ಡವ್ವನಿಗೆ ಇಲ್ಲ ಅನ್ನುವ ದೇವರು ಇನ್ನೂ ಹುಟ್ಟಿಲ್ಲ. ಬಲಕ್ಕೇ ಬೀಳಿಸಿದೆ. ಅವಳು ಸೆರಗು ಸರಿಮಾಡಿಕೊಂಡು, ಮಾತಾಡದೆ ಎದ್ದುಹೋದಳು. ಭಕ್ತಿ ಹೆಚ್ಚಾದಾಗ ಮಾತು ಹೊರಡುವುದಿಲ್ಲವಂತೆ.

ಇತಿ ನಿನ್ನ ತಮ್ಮ, ಸದ್ಯಕ್ಕೆ ದೇವರ ಕಾರ್ಯದರ್ಶಿ,
ಪ್ರಭು


ಮಿರಜ
11 ಮೇ 2006

ಲೇ ಪ್ರಭ್ಯಾ,

ನಿನ್ನ ಪತ್ರವನ್ನು ಹಾಸ್ಟೆಲಿನಲ್ಲಿ ಮರಾಠಿಯಲ್ಲಿ ಅರ್ಥ ಮಾಡಿ ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ದೇವರಿಗೆ ಕಾರ್ಯದರ್ಶಿಯಾಗುವ ಮೊದಲು ಗಣಿತದ ಪೇಪರು ಪಾಸು ಮಾಡು.

ಈಗ ನಗು ಸಾಕು. ನೀನು ಯಂತ್ರವನ್ನು ಅವ್ವನ ಮೂಗಿನ ಹತ್ತಿರ ಹಿಡಿದೆ ಎಂದು ಬರೆದಿದ್ದೀ. ನಾನು ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ಅವಳ ಎಡಗಣ್ಣಿನ ಪೊರೆ ಪೂರ್ತಿ ಮಾಗಿದೆ. ಬಲಗಣ್ಣಿಗೂ ಮಸುಕು ಬಂದಿದೆ. ಜೂನ್ ನಾಲ್ಕಕ್ಕೆ ಬಾಗಲಕೋಟೆಯಲ್ಲಿ ಕಣ್ಣಿನ ಕ್ಯಾಂಪು ಇದೆ. ನಮ್ಮ ಮೇಡಮ್ಮರ ಕೈಯಿಂದ ಅವ್ವನ ಹೆಸರು ಬರೆಸಿದ್ದೇನೆ. ಕರೆದುಕೊಂಡು ಹೋಗುವುದು ನಿನ್ನ ಕೆಲಸ. ಅಪ್ಪ ಇದ್ದಿದ್ದರೆ ಅಪ್ಪನಿಗೆ ಹೇಳುತ್ತಿದ್ದೆ. ಈಗ ಆ ಮನೆಗೆ ಗಂಡಸು ಅಂತ ಇರುವವನು ಪಕ್ಕದ ಮನೆಯ ನೀನೊಬ್ಬನೇ; ಆ ಮನೆಯ ದುರ್ದೈವ.

ಅವಳು ಹೆದರುತ್ತಾಳೆ, ಗೊತ್ತು. ಶಿರೂರಿನ ಗುರುಲಿಂಗವ್ವ ಅವಳ ಗೆಳತಿ. ಹಿಂದೆ ಯಾವಾಗಲೋ ಆಪರೇಶನ್ ಆದಮೇಲೆ ಅವಳ ಕಣ್ಣು ಹೋಯಿತು. ಅಂದಿನಿಂದ ಅವ್ವನಿಗೆ ದವಾಖಾನೆ ಅಂದರೆ ಕೈಕಾಲು ತಣ್ಣಗಾಗುತ್ತವೆ. ಆದ್ದರಿಂದ ಕೆಳಗಿನದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳು:

ಅವ್ವಾ, ಗುರುಲಿಂಗವ್ವನ ಕಾಲ ಬೇರೆ, ಈಗಿನ ಕಾಲ ಬೇರೆ. ಹತ್ತು ನಿಮಿಷದ ಕೆಲಸ. ಮರುದಿನ ಪಟ್ಟಿ ಬಿಚ್ಚುತ್ತಾರೆ. ನನ್ನ ಕಣ್ಣೆದುರು ದಿನಾ ಇಪ್ಪತ್ತು ಮಂದಿ ನಕ್ಕೋತ ಮನೆಗೆ ಹೋಗುತ್ತಾರೆ. ನೀ ಹೋಗು.

ಅಕ್ಕ


ಇಳಕಲ್
16 ಮೇ 2006

ಪರಮಪೂಜ್ಯ ಅಕ್ಕನಿಗೆ,

ನಿನ್ನ ಆಜ್ಞೆಯನ್ನು ಶಿರಸಾ ವಹಿಸಿ, ಪತ್ರ ಬಂದ ಗಳಿಗೆಯಲ್ಲೇ ದೊಡ್ಡವ್ವನ ಸನ್ನಿಧಿಗೆ ಹೋದೆ. ಅವಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಸೆರಗಿನ ಕೆಂಪು ಎಳೆಗಳನ್ನು ಸೀರೆಯ ಮೈಯ ಎಳೆಗಳಿಗೆ ಒಂದೊಂದಾಗಿ ಕೂಡಿಸುತ್ತಿದ್ದಳು. ಕಣ್ಣು ಗೋಡೆಯ ಕಡೆಗಿತ್ತು, ನೋಡುತ್ತಿದ್ದದ್ದು ಬೆರಳು. ನಿನ್ನ ಪತ್ರವನ್ನು ಕೋರ್ಟಿನ ಶಿರಸ್ತೇದಾರನಂತೆ ಓದಿದೆ.

“ಬ್ಯಾಡ,” ಅಂದಳು.

“ಯಾಕ ಬ್ಯಾಡ, ದೊಡ್ಡವ್ವ?”

“ಕೇಳೇನಿ. ಕೊಡಲಿಲ್ಲ.”

“ಯಾರು?”

“ಇನ್ಯಾರು? ವೀರಭದ್ರ. ಹೋಗಲೇನಪ್ಪಾ ಅಂತ ಕೇಳಿದೆ. ಎಡಕ್ಕ ಚೆಲ್ಲಿದ. ಅವನು ಒಲ್ಲೆ ಅಂದಮ್ಯಾಲೆ ಡಾಕ್ಟರ ಏನು ಮಾಡ್ಯಾನು?”

ನಾನು ಎಷ್ಟು ಹೇಳಿದರೂ ಎಳೆ ಕೂಡಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, “ಸುಶ್ಮಿಗೆ ಬರಿ, ನನ್ನ ಚಿಂತಿ ಬಿಟ್ಟು ಓದು ಅಂತ,” ಅಂದಳು.

ವಿಚಾರಣೆಯಿಂದ ತಿಳಿದುಬಂದದ್ದೇನೆಂದರೆ: ನನ್ನ ವೀರಭದ್ರ ಅವಳಿಗೆ ಬಲಕ್ಕೆ ಕೊಟ್ಟಿದ್ದಾನೆ, ಅದಕ್ಕೆ ನಾನೇ ಸಾಕ್ಷಿ, ನನ್ನ ಬೆರಳೇ ಸಾಕ್ಷಿ. ಆದ್ದರಿಂದ ಈ ಎಡದ ಹೂವು ಗುಡಿಯದು. ರಾಚಯ್ಯಜ್ಜ ಗಾಳಿಗೆ ಬಿದ್ದ ಹೂವು ತೋರಿಸಿ ದೊಡ್ಡವ್ವನನ್ನು ಹೆದರಿಸಿದ್ದಾರೆ. ಕಣ್ಣಿನ ವಿಷಯಕ್ಕೂ ಹೂವೇ? ಇಂಥ ಮೂಢನಂಬಿಕೆಯ ವಿರುದ್ಧ ನಾನು ಧರ್ಮಯುದ್ಧ ಸಾರಿದ್ದೇನೆ. ನಗಬೇಡ. ನನ್ನದು ತಮಾಷೆ, ಅವರದು ವ್ಯವಹಾರ.

ಇತಿ,
ಧರ್ಮವೀರ ಪ್ರಭು


ಮಿರಜ
22 ಮೇ 2006

ಪ್ರಭು,

ನಿನ್ನ ಪತ್ರ ಓದಿ, ಊಟಕ್ಕೂ ಹೋಗದೆ ಬರೆಯುತ್ತಿದ್ದೇನೆ. ಎರಡು ಕಣ್ಣಿನ ಮಾತನ್ನು ಒಂದು ಹೂವಿನ ಮೇಲೆ ಇಡುವ ಆ ಮುದುಕನಿಗೆ ನಾಚಿಕೆ ಬೇಡವೇ? ಅವನಿಗೇ ಒಂದು ಪತ್ರ ಬರೆದು ಇದರೊಳಗೆ ಇಟ್ಟಿದ್ದೇನೆ. ಕೈಯಾರೆ ಕೊಡು, ಎದುರಿಗೆ ನಿಂತು ಓದಿಸು. ಗುಡಿಯ ಪಂಚರಾದ ಅಮಾತೆಪ್ಪ ಕಾಕಾ ಅವರಿಗೂ ಬೇರೆ ಪತ್ರ ಹಾಕಿದ್ದೇನೆ. ಇನ್ನುಮುಂದೆ ರೋಗದ ವಿಷಯಕ್ಕೆ ಹೂ ಕೇಳಿಸಬಾರದು ಎಂದು ಎಲ್ಲರೆದುರು ಹೇಳಿಸಬೇಕು.

ರಾಚಯ್ಯ ತಾನೇ ಮನೆಗೆ ಬಂದು, “ತಂಗೀ, ನನ್ನ ತಪ್ಪಾತು, ಹೋಗವ್ವ” ಅಂದರೆ ಅವ್ವ ಕೇಳುತ್ತಾಳೆ. ಬೇರೆ ದಾರಿ ನನಗೆ ತೋಚುತ್ತಿಲ್ಲ. ಹದಿಮೂರು ದಿನ ಉಳಿದಿವೆ.

ನೀನು ಈ ಸಲ ಹುಡುಗಾಟ ಬಿಟ್ಟು ನಿಂತದ್ದು ನೋಡಿ ಸಮಾಧಾನವಾಯಿತು.

ಅಕ್ಕ


ಇಳಕಲ್
27 ಮೇ 2006

ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ರಾಚಯ್ಯಜ್ಜನನ್ನು ಭೇಟಿಯಾದೆ. ಅವರದು ತಪ್ಪಿಲ್ಲ ಅನಿಸುತ್ತದೆ. ನೀನು ಕೊಟ್ಟ ಪತ್ರ ನನ್ನ ಹತ್ತಿರವೇ ಇದೆ. ದೊಡ್ಡವ್ವ ಆರಾಮ ಇದ್ದಾಳೆ. ನಿನ್ನೆ ಇಲ್ಲಿ ಸ್ವಲ್ಪ ಮಳೆ ಬಂತು. ಶಂಕ್ರಪ್ಪ ಪಿಯುಸಿಯಲ್ಲಿ ನಪಾಸಾದ.

ಪ್ರಭು


27 ಮೇ, ಅದೇ ದಿನ

ಅಕ್ಕಾ, ಇದು ಎರಡನೆಯ ಪತ್ರ. ಮೊದಲನೆಯದನ್ನು ಡಬ್ಬಿಗೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಇದನ್ನು ಹಾಕುವ ಧೈರ್ಯ ನನಗಿಲ್ಲ. ಬರೆಯುವಷ್ಟು ಮಾತ್ರ ಇದೆ.

ಧರ್ಮಯುದ್ಧಕ್ಕೆ ಹೋಗಿದ್ದೆನಲ್ಲ. ರಾಚಯ್ಯಜ್ಜ ಗುಡಿಯ ಕಟ್ಟೆಯಲ್ಲಿ ತಂಬಿಗೆ ತಿಕ್ಕುತ್ತಿದ್ದರು. “ಅಜ್ಜಾರ, ನಮ್ಮ ದೊಡ್ಡವ್ವಗ ಯಾಕ ಇಲ್ಲ ಅಂದ್ರಿ?” ಎಂದು ಸೊಂಟದ ಮೇಲೆ ಕೈ ಇಟ್ಟು ಕೇಳಿದೆ.

“ಯಾರು, ರತ್ನಾಬಾಯಿ? ಶಿವರಾತ್ರಿ ಆದಮ್ಯಾಲೆ ಆಕಿ ಈ ಕಟ್ಟಿ ಹತ್ತಿಲ್ಲಪಾ. ಆಕಿ ನಿನ್ನ ಡಬ್ಬಿಗೇ ಕೇಳ್ಯಾಳಂತ. ಚಂದವ್ವ ಹೇಳಿದ್ಲು.”

“ನನ್ನ ಡಬ್ಬಿ ಬಲಕ್ಕ ಕೊಟ್ಟೈತ್ರಿ!”

“ಯಾರ ಬಲಕ್ಕ?”

“ಬಲಕ್ಕ ಅಂದ್ರ ಬಲಕ್ಕ ರೀ. ಇದ ಈ ಕಡಿ.” ನನ್ನ ಬಲಗೈ ತೋರಿಸಿದೆ.

ಅವರು ಕೈ ಒರೆಸಿಕೊಂಡು ಎದ್ದು ಬಂದರು. ನನ್ನ ಭುಜ ಹಿಡಿದು ಗರ್ಭಗುಡಿಯ ಹೊಸ್ತಿಲ ಹತ್ತಿರ, ದೇವರಿಗೆ ಬೆನ್ನು ಮಾಡಿ ನಿಲ್ಲಿಸಿದರು. “ಈಗ ನೀನ ದೇವರು ಅಂತ ತಿಳಿ. ಬಲಗೈ ಎತ್ತು.” ಎತ್ತಿದೆ. ತಾವು ಭಕ್ತರ ಜಾಗದಲ್ಲಿ, ನನ್ನೆದುರಿಗೆ ನಿಂತರು. “ಇಲ್ಲಿ ನಿಂತು ನೋಡಾಂವಗ ಅದು ಯಾ ಕಡಿಗೆ ಆತು?”

ಅವರ ಎಡಕ್ಕೆ.

“ಹೂವು ಬೀಳೋದು ದೇವರ ಬಲಕ್ಕಪಾ, ನಮ್ಮ ಬಲಕ್ಕಲ್ಲ. ಸಣ್ಣ ಕೂಸಿಗೂ ಗೊತ್ತೈತಿ.”

ಅಕ್ಕಾ, ಹುಟ್ಟಿದಾಗಿನಿಂದ ಆ ಗುಡಿಗೆ ಹೋಗುತ್ತಿದ್ದೇನೆ. ಒಂದು ದಿನವೂ ಹೂವು ನೋಡಿಲ್ಲ. ಕೊಬ್ಬರಿ ಯಾವ ತಟ್ಟೆಯಲ್ಲಿದೆ ಎಂದು ನೋಡಿದ್ದೇನೆ. ನನ್ನ ಪ್ರೋಗ್ರಾಮು ಹೌದು ಅಂದಾಗಲೆಲ್ಲ ಜನಕ್ಕೆ ಇಲ್ಲ ಅಂದಿದೆ, ಇಲ್ಲ ಅಂದಾಗ ಹೌದು ಅಂದಿದೆ. ಶಂಕ್ರಪ್ಪ ಕುಣಿದದ್ದು ಅದಕ್ಕೆ, ಚಂದವ್ವ ಅತ್ತದ್ದು ಅದಕ್ಕೆ. ನಾನು ಅದನ್ನು ಆನಂದಬಾಷ್ಪ ಎಂದು ಬರೆದೆ. ದೊಡ್ಡವ್ವ ಮಾತಾಡದೆ ಎದ್ದುಹೋದದ್ದನ್ನು ಭಕ್ತಿ ಎಂದು ಬರೆದೆ. ಅವಳು ಆಪರೇಶನ್‌ಗೆ ಹೋಗಲೇ ಎಂದು ಕೇಳಿದ್ದಳು, ಅಕ್ಕಾ. ನಾನು ಅವಳಿಗೆ ಇಲ್ಲ ಎಂದೆ.

“ಇದನ್ನ ಆಕಿಗೆ ನೀವ ಹೇಳ್ರಿ ಅಜ್ಜಾರ,” ಅಂದೆ.

“ಹೇಳಾಂವ ನಾ ಅಲ್ಲ. ನೀನು,” ಅಂದರು. ಮತ್ತೆ ಹೋಗಿ ತಂಬಿಗೆ ತಿಕ್ಕತೊಡಗಿದರು.

ನಿನ್ನೆ ಸಂಜೆ ಅಮಾತೆಪ್ಪ ಕಾಕಾ ನಿನ್ನ ಪತ್ರ ಹಿಡಿದು ಗುಡಿಗೆ ಬಂದರು. ಹತ್ತು ಜನರ ಮುಂದೆ, “ಏನ ರಾಚಯ್ಯಾ, ಮಂದಿ ಕಣ್ಣು ಕಳಿಯೂದು ಯಾವಾಗಿಂದ ಹಿಡದಿ?” ಎಂದು ಕೂಗಾಡಿದರು. ನಾನು ಕಂಬದ ಹಿಂದೆ ಇದ್ದೆ. ಅಜ್ಜ ನನ್ನ ಕಡೆ ಒಮ್ಮೆ ನೋಡಿದರು. ನಾನು ಮುಂದೆ ಬರುತ್ತೇನೋ ಎಂದು ಕಾದರು. ನಾನು ಬರಲಿಲ್ಲ. ಅವರು ಸುಮ್ಮನೆ ಬೈಸಿಕೊಂಡರು.


ಮಿರಜ
1 ಜೂನ್ 2006

ಪ್ರಭು,

ಎಂಟು ಸಾಲಿನ ಪತ್ರ! ಮೈಯಲ್ಲಿ ಹುಷಾರಿಲ್ಲವೇನು? ಮಾವಿನಕಾಯಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದೀಯೋ, ಗಣಿತದ ರಿಸಲ್ಟು ಬಂತೋ? ರಾಚಯ್ಯನ ತಪ್ಪಿಲ್ಲ ಅನ್ನುವುದು ಅವನ ಬಾಯಿಮಾತಿಗೆ ಮರುಳಾಗಿ ಬರೆದದ್ದು, ನನಗೆ ಗೊತ್ತು. ನಿನ್ನದು ಮೆತ್ತನೆಯ ಮನಸ್ಸು. ಅಮಾತೆಪ್ಪ ಕಾಕಾ ಅವನಿಗೆ ಚೆನ್ನಾಗಿ ಝಾಡಿಸಿದರು ಎಂದು ಬರೆದಿದ್ದಾರೆ. ಆಯಿತು, ಅಲ್ಲಿಗೆ ಬಿಡೋಣ.

ಭಾನುವಾರ ಕ್ಯಾಂಪು. ಎತ್ತಿಕೊಂಡಾದರೂ ಹೋಗು. ಇನ್ನೊಂದು ಮಾತು, ಇದರಲ್ಲಿ ತಮಾಷೆ ಬೇಡ. ಮಾಗಿದ ಪೊರೆ ಬಹಳ ದಿನ ಬಿಟ್ಟರೆ ಕಣ್ಣಿನೊಳಗೆ ಒತ್ತಡ ಏರುತ್ತದೆ. ಕಣ್ಣು ಕೆಂಪಾಗಿ, ಅರ್ಧ ತಲೆ ನೋಯುತ್ತಿದೆ ಅಂದರೆ ಅದೇ ದಿನ ದವಾಖಾನೆಗೆ ಹೋಗಬೇಕು. ಮರುದಿನ ಅನ್ನುವುದೇ ಇಲ್ಲ.

ನನಗೆ ಹತ್ತರಿಂದ ಪರೀಕ್ಷೆ. ನೀನಿದ್ದೀ ಎಂಬ ಒಂದೇ ಧೈರ್ಯದ ಮೇಲೆ ಓದುತ್ತಿದ್ದೇನೆ.

ಅಕ್ಕ


ಬಾಗಲಕೋಟೆ, ದವಾಖಾನೆ
8 ಜೂನ್ 2006

ಅಕ್ಕಾ,

ನಿನ್ನೆ ಬೂತಿನಿಂದ ಫೋನು ಮಾಡಿದಾಗ, ದೊಡ್ಡವ್ವನನ್ನು ಸೇರಿಸಿದ್ದೇನೆ ಎಂದಷ್ಟೇ ಹೇಳಿದೆ. ಅದಕ್ಕೂ ಮೊದಲು ಮೂರು ಸಲ ನಿಮ್ಮ ಹಾಸ್ಟೆಲಿಗೆ ಫೋನು ಬಂದು, ನೀನು ಹಲೋ ಅನ್ನುತ್ತಲೇ ಕಡಿದುಹೋದದ್ದು ನೆನಪಿರಬಹುದು. ಅದು ನಾನೇ. ಇದರೊಳಗೆ ಮೇ ಇಪ್ಪತ್ತೇಳರ ಇನ್ನೊಂದು ಪತ್ರ ಇಟ್ಟಿದ್ದೇನೆ. ಮೊದಲು ಅದನ್ನು ಓದು. ಓದಿದಮೇಲೆ ಇದನ್ನು ಓದಬೇಕು ಅನಿಸಿದರೆ ಓದು.

ನಾಲ್ಕನೆಯ ತಾರೀಖು ಬೆಳಿಗ್ಗೆ ಅವಳ ಬಾಗಿಲಿಗೆ ಹೋಗಿ, “ನಡಿ, ಕ್ಯಾಂಪಿಗೆ,” ಅಂದೆ. “ಬ್ಯಾಡ ಅಂದೇನಲ್ಲೋ,” ಅಂದಳು. ಎರಡನೆಯ ಸಲ ಕರೆಯಲಿಲ್ಲ. ಕರೆದರೆ ಕಾರಣ ಕೇಳುತ್ತಿದ್ದಳು, ಕಾರಣ ನಾನು ಹೇಳಬೇಕಾಗುತ್ತಿತ್ತು. ಅವಳು ಬೇಡ ಅಂದಾಗ ನನ್ನ ಎದೆ ಹಗುರಾಯಿತು. ಇದನ್ನು ಬರೆಯದೇ ಇರಬಹುದಿತ್ತು.

ಐದರಂದು ಅವಳ ಎಡಗಣ್ಣು ಕೆಂಪಾಗಿತ್ತು. ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು. “ಧೂಳು ಬಿದ್ದೈತಿ,” ಅಂದಳು. ನಿನ್ನ ಪತ್ರ ನನ್ನ ಜೇಬಿನಲ್ಲಿತ್ತು. ಧೂಳು ಎಂದು ನಾನೂ ಒಪ್ಪಿಕೊಂಡೆ. ಆರರಂದು ವಾಂತಿ ಮಾಡಿದಳು. ಬಿಸಿಲು ಅಂದಳು. ಬಿಸಿಲು ಎಂದು ಒಪ್ಪಿಕೊಂಡೆ.

ನಿನ್ನೆ ಏಳರಂದು ಬೆಳಿಗ್ಗೆ ಪಿಎಸ್‌ಪಿ ತೆಗೆದುಕೊಂಡು ಹೋದೆ. ನಿಜ ಹೇಳಲು ಅಲ್ಲ. ಈ ಸಲ ಸರಿಯಾದ ಗುಂಡಿ ಒತ್ತಿ, ದೇವರ ಬಲಕ್ಕೇ ಹೂವು ಬೀಳಿಸಿ, ನನ್ನ ಹೆಸರು ಎಲ್ಲೂ ಬರದಂತೆ ಅವಳನ್ನು ದವಾಖಾನೆಗೆ ಕಳಿಸಬೇಕು ಎಂದು. “ದೊಡ್ಡವ್ವ, ಇನ್ನೊಮ್ಮೆ ಕೇಳು. ದೇವರ ಮನಸ್ಸು ಬದಲಾಗಿದ್ರ?” ಅಂದೆ. ಅವಳು ಮನಸ್ಸಿಲ್ಲದೆ ಎದ್ದು ಕೂತಳು. ಗಂಟೆ ಬಾರಿಸಿತು. ಎಡದ ಗುಂಡಿ ಒತ್ತಿದೆ. ಹೂವು ಬಿತ್ತು.

ಅವಳು ಪರದೆಗೆ ಮುಖ ತಗುಲಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಕೈಯಿಂದ ಅದರ ಗಾಜನ್ನು ಸವರಿದಳು.

“ಹೂವು ಎಲ್ಲೈತೋ? ನನಗ ಕಾಣವಲ್ದು.” ನನ್ನ ಕಡೆ ತಿರುಗಿ, “ನೀನ ನೋಡಿ ಹೇಳಪಾ. ಯಾ ಕಡಿ ಬಿತ್ತು? ನೀ ಹೇಳಿದ್ರ ನಂಬತೇನಿ,” ಅಂದಳು.

ಒಂದು ಮಾತು ಸಾಕಿತ್ತು, ಅಕ್ಕಾ. ದೇವರ ಬಲಕ್ಕೆ ಅಂದಿದ್ದರೆ ಅವಳು ಎದ್ದು ಸೀರೆ ಉಟ್ಟುಕೊಂಡು ಹೊರಡುತ್ತಿದ್ದಳು. ನನ್ನ ಬಾಯಿಗೆ ಬರಲಿಲ್ಲ. ಅವಳ ಎರಡೂ ತೋರುಬೆರಳು ಹಿಡಿದು ಯಂತ್ರದ ಎರಡು ಗುಂಡಿಗಳ ಮೇಲೆ ಇಟ್ಟೆ. “ಇದನ್ನ ಒತ್ತಿದ್ರ ಈ ಕಡಿ ಬೀಳ್ತದ, ದೊಡ್ಡವ್ವ. ಇದನ್ನ ಒತ್ತಿದ್ರ ಆ ಕಡಿ. ದೇವರಿಲ್ಲ ಇದರಾಗ. ನಾನ ಬರದದ್ದು.”

ಅವಳು ಒಂದೊಂದನ್ನೂ ಒತ್ತಿ ನೋಡಿದಳು. ಮಗ್ಗದಲ್ಲಿ ಕಾಲಿನ ಹಲಗೆ ತುಳಿದರೆ ಯಾವ ಎಳೆ ಏಳುತ್ತದೆ ಎಂದು ಮುಟ್ಟಿ ತಿಳಿಯುವವಳು ಅವಳು. ಎರಡು ಸಲ ಸಾಕಾಯಿತು.

“ಅವತ್ತು ನೀನ ಎಡಕ್ಕ ಒತ್ತಿದ್ಯೇನು?”

“ಇಲ್ಲ ದೊಡ್ಡವ್ವ. ನಿನಗ ಹೌದು ಅಂತ ಕೊಡಬೇಕಂತನ ಒತ್ತಿದೆ. ಯಾವುದು ಬಲ ಅನ್ನೂದ ತಿಳೀಲಿಲ್ಲ.”

“ನಾ ಏನು ಕೇಳೇನಿ ಅಂತ ಗೊತ್ತಿತ್ತೇನು ನಿನಗ?”

“ಇಲ್ಲ.”

“ಗೊತ್ತಿಲ್ಲದ ಹೌದು ಅಂದ್ಯಾ? ಭಾವಿ ಬೀಳ್ಲೇನಪ್ಪಾ ಅಂತ ಕೇಳಿದ್ದಿದ್ರ?”

ತಪ್ಪು ಗುಂಡಿ ಒತ್ತಿದ್ದೇ ನನ್ನ ತಪ್ಪು ಎಂದು ಹತ್ತು ದಿನ ಅಂದುಕೊಂಡಿದ್ದೆ. ಸರಿಯಾದದ್ದನ್ನು ಒತ್ತಿದ್ದರೂ ಅದು ಅಷ್ಟೇ ಕೆಟ್ಟದ್ದಾಗಿತ್ತು.

ಅವಳು ಹೊಡೆಯುತ್ತಾಳೆ ಎಂದು ತಲೆ ತಗ್ಗಿಸಿದೆ. ಹೊಡೆಯಲಿಲ್ಲ. “ಅಂವ ಹೋಗು ಅಂದಿದ್ರ ಧೈರ್ಯ ಬರ್ತಿತ್ತು, ಅದಕ್ಕ ಕೇಳಿದ್ದೆ,” ಅಂದಳು. ಗೋಡೆ ಹಿಡಿದು ಎದ್ದಳು. “ನಡಿ. ಇನ್ನ ಯಾರನ್ನೂ ಕೇಳೂದಿಲ್ಲ. ಕೈ ಹಿಡಿ, ಮೆಟ್ಟಲ ಕಾಣವಲ್ದು.”

ಬಸ್ಸಿನಲ್ಲಿ ನನ್ನ ಕೈಯನ್ನು ಬಿಡಲೇ ಇಲ್ಲ. ಸಿಟ್ಟಿನಿಂದಲೋ, ಹೆದರಿಕೆಯಿಂದಲೋ ತಿಳಿಯಲಿಲ್ಲ. ಎಡಗಣ್ಣಿನ ಒತ್ತಡ ಇಳಿಯಲು ಔಷಧ ಕೊಟ್ಟಿದ್ದಾರೆ. ಬಲಗಣ್ಣನ್ನು ನಾಡಿದ್ದು ಮಾಡುತ್ತಾರಂತೆ.

ಪ್ರಭು


ಮಿರಜ
13 ಜೂನ್ 2006

ಪ್ರಭು,

ಎರಡೂ ಓದಿದೆ.

ರಾಚಯ್ಯಜ್ಜನವರಿಗೂ ಅಮಾತೆಪ್ಪ ಕಾಕಾ ಅವರಿಗೂ ಕ್ಷಮೆ ಕೇಳಿ ಬರೆದಿದ್ದೇನೆ. ನಿನ್ನ ಹೆಸರು ಬರೆದಿಲ್ಲ. ಅದು ನಿನ್ನ ಕೆಲಸ.

ನನ್ನದೂ ಒಂದು ಹೇಳುವುದಿದೆ. ದೀಪಾವಳಿಗೆ ಬಂದಾಗಲೇ ಅವ್ವನ ಕಣ್ಣಿನಲ್ಲಿ ಬಿಳಿ ಕಂಡಿದ್ದೆ. ನರ್ಸಿಂಗ್ ಓದುವವಳು ನಾನು, ಅದೇನೆಂದು ಗೊತ್ತಿತ್ತು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಸುಮ್ಮನಾದೆ. ಆ ಮುದುಕನ ಮೇಲೆ ಅಷ್ಟು ಸಿಟ್ಟು ಬಂದದ್ದು ಯಾಕೆಂದು ಈಗ ತಿಳಿಯುತ್ತದೆ. ಇದರಿಂದ ನಿನ್ನದು ಕಡಿಮೆಯಾಗುವುದಿಲ್ಲ.

ಫೋನಿನಲ್ಲಿ ಬಲಗಣ್ಣು ಚೆನ್ನಾಗಿ ಆಯಿತು ಅನ್ನುತ್ತೀ. ಎಡಗಣ್ಣು ಏನಾಯಿತು? ಕೇಳಿದರೆ ನೀನೂ ಸುಮ್ಮನಾಗುತ್ತೀ, ಚಿಕ್ಕವ್ವನೂ ಸುಮ್ಮನಾಗುತ್ತಾಳೆ. ಡಾಕ್ಟರು ಏನಂದರು, ಅವರ ಮಾತಿನಲ್ಲೇ ಬರೆ. ಇಪ್ಪತ್ತೆರಡಕ್ಕೆ ಬರುತ್ತೇನೆ. ಬರುವ ಮೊದಲು ನನಗೆ ಗೊತ್ತಿರಬೇಕು.

ಸುಶ್ಮಿತಾ


ಇಳಕಲ್
17 ಜೂನ್ 2006

ಸುಶ್ಮೀ, ನಾ ನಿಮ್ಮವ್ವ. ಇವನ ಕೈಲೆ ಬರಸಾಕತ್ತೇನಿ. ನಾ ಅರಾಮ ಅದೇನಿ. ಬಲಗಣ್ಣಿಗೆ ಬೆಳಕು ಬಂತು ನೋಡವ್ವ. ಪಟ್ಟಿ ಬಿಚ್ಚಿದ ಕೂಡ್ಲೆ ಮೊದಲ ಕಂಡಾಂವ ಇವನ. ಮೀಸಿ ಬಂದಾವ ಇವಂಗ! ಎರಡು ವರ್ಷ ಆತಂತ ಬಂದು, ಯಾರೂ ಹೇಳಿದ್ದಿಲ್ಲ ನನಗ. ಚಲೋ ಕಾಣೂದಿಲ್ಲ, ಬೋಳಿಸು ಅಂದೇನಿ. ಇದನ್ನ ಬರಿಬ್ಯಾಡೋ. ಬರದ್ಯಾ? ಇರಲಿ ಬಿಡು.

ಇವ ಸೋಮವಾರ ಗುಡಿ ಮುಂದ ನಿಂತು ಎಲ್ಲಾರಿಗೂ ಹೇಳ್ಯಾನ. ರಾಚಯ್ಯಾರ ಕಾಲಿಗೆ ಬಿದ್ದಾನ. ಚಂದವ್ವ ಕಸಬರಿಗಿಲೆ ಎರಡು ಕೊಟ್ಟಾಳ. ಆತು, ಮುಗೀತು. ಡಬ್ಬಿ ಒಗೀತೇನಿ ಅಂತಿದ್ದ, ಮಂದಿ ಸಾಮಾನು, ಕೊಟ್ಟು ಬಾ ಅಂದೇನಿ. ಒಳಗ ಬರದದ್ದು ಅಳಸ್ಯಾನಂತ.

ಎಡಗಣ್ಣಿಂದ ಕೇಳಿದ್ಯಂತ. ಅದು ಹೋದ ವರ್ಷನ ಹೋಗಿತ್ತವ್ವ. ನಾನ ಯಾರಿಗೂ ಹೇಳಿದ್ದಿಲ್ಲ. ಯಾವಾಗ ತಂದ್ರೂ ಬರ್ತಿದ್ದಿಲ್ಲ ಅಂತ ಡಾಕ್ಟರ ಹೇಳ್ಯಾರ. ಇದರಾಗ ಯಾರದೂ ತಪ್ಪಿಲ್ಲ. ಬರದ್ಯೇನೋ? ಬರದೇನಿ ಅಂತಾನ. ಪರೀಕ್ಷಿ ಚಲೋ ಬರಿ. ಬಾ. ನಿನ್ನ ಮುಖ ನೋಡಬೇಕು.

ರತ್ನಾಬಾಯಿ

ಅಕ್ಕಾ, ಮೇಲಿನದು ದೊಡ್ಡವ್ವ ಹೇಳಿದ್ದು, ಒಂದು ಅಕ್ಷರ ಬಿಡದೆ ಬರೆದಿದ್ದೇನೆ. ಇಲ್ಲಿಂದ ಕೆಳಗಿನದು ನನ್ನದು. ಅವಳು ಒಳಗೆ ಕಾಳು ಆರಿಸುತ್ತಿದ್ದಾಳೆ, ಕಲ್ಲು ಕಾಣುತ್ತವೆ ಎಂದು ಪ್ರತಿ ಕಲ್ಲನ್ನೂ ನಮ್ಮವ್ವನಿಗೆ ತೋರಿಸುತ್ತಿದ್ದಾಳೆ.

ಡಾಕ್ಟರ ಮಾತು, ಅವರದೇ ಮಾತಿನಲ್ಲಿ: “ಎಡಗಣ್ಣಿನ ನರ ಸತ್ತೈತಿ. ಅದು ಇನ್ನ ಬರೂದಿಲ್ಲ. ನಾಕನೇ ತಾರೀಖು ಕ್ಯಾಂಪಿಗೆ ತಂದಿದ್ರ ಎರಡೂ ಉಳೀತಿದ್ವು. ಕೆಂಪಾದ ದಿನ ತಂದಿದ್ರೂ ನೋಡಬಹುದಿತ್ತು.” ದೊಡ್ಡವ್ವ ನನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಬಸ್ಸಿನಲ್ಲಿ ಬರುವಾಗ, “ಇದು ಸುಶ್ಮಿಗೆ ಗೊತ್ತಾಗೂದು ಬ್ಯಾಡ. ಆಕಿಗೆ ತಮ್ಮ ಅಂತ ಇರಾಂವ ನೀ ಒಬ್ಬನ,” ಅಂದಳು. ಓಣಿಯವರಿಗೂ ಅದನ್ನೇ ಹೇಳುತ್ತಿದ್ದಾಳೆ, ಎಡಗಣ್ಣು ಮೊದಲೇ ಹೋಗಿತ್ತು ಎಂದು. ಗುಡಿಯ ಮುಂದೆ ನಾನು ಎಲ್ಲವನ್ನೂ ಹೇಳಿದೆ, ಇದೊಂದನ್ನು ಬಿಟ್ಟು. ಅವಳು ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು.

ನಿನಗೆ ಬರೆಯದಿದ್ದರೆ ನೀನು ಮೊದಲಿನ ಹಾಗೆಯೇ ಮಾತಾಡಿಸುತ್ತೀ. ಅದು ನನಗೆ ಬೇಕು. ಆದರೂ ಬರೆದಿದ್ದೇನೆ.

ಇಪ್ಪತ್ತೆರಡಕ್ಕೆ ಬಸ್‌ಸ್ಟ್ಯಾಂಡಿಗೆ ಬಂದಿರುತ್ತೇನೆ. ಚೀಲ ನನ್ನ ಕೈಗೆ ಕೊಡಬೇಕು ಅನಿಸಿದರೆ ಕೊಡು. ಇಲ್ಲದಿದ್ದರೆ ನೀನು ಮುಂದೆ ನಡೆ. ನಾನು ಹಿಂದಿನಿಂದ ಬರುತ್ತೇನೆ.

ಪ್ರಭು